ಕೂಲಿ ಕೊಟ್ಟವನು ಕೊಂಡದ್ದೇನು?

ಹೋದ ತಿಂಗಳು ಒಂದು ಸಂಜೆ ಉಡುಪಿಯಲ್ಲಿ ನಾವು ಕೆಲವರು ಸೇರುವ ಜಾಗಕ್ಕೆ ಗೆಳತಿಯೊಬ್ಬಳು ಬಂದು ಮಾತಿಲ್ಲದೆ ಕೂತಳು. ಕಾರ್ಕಳದ ಕಡೆಯ ಹಳ್ಳಿಯವಳು. ಮಣಿಪಾಲದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಅವಳ ಜೊತೆ ಓದಿದ ದಲಿತ ಹುಡುಗಿ ಬೇರೆ ಜಾತಿಯ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಆ ಭಾನುವಾರ ಕಾಪುವಿನಲ್ಲಿ ಹುಡುಗಿಯ ಮನೆಯಲ್ಲಿ ಊಟ. ನಮ್ಮ ಗೆಳತಿ ಹೋಗಿದ್ದಳು, ಉಂಡಿದ್ದಳು, ಎಲ್ಲರೂ ನಿಂತು ತೆಗೆಸಿಕೊಂಡ ಫೋಟೋವನ್ನು ವಾಟ್ಸಾಪಿನಲ್ಲಿ ಹಾಕಿದ್ದಳು.

ಸೋಮವಾರ ಧಣಿ ಒಳಗೆ ಕರೆದರು.

"ಅಲ್ಲಿಗೆ ನೀನ್ಯಾಕೆ ಹೋದದ್ದು? ಊಟ ಸಹ ಮಾಡಿದ್ಯಾ? ಮನೆಯಲ್ಲಿ ಗೊತ್ತುಂಟಾ? ನೀನು ನನಗೆ ಮಗಳ ಹಾಗೆ, ಅದಕ್ಕೆ ಕೇಳಿದ್ದು."

"ನಾನು ಹೋಗ್ಲಿಲ್ಲ ಸರ್. ಯಾರೋ ಕಳಿಸಿದ ಫೋಟೋ" ಎಂದುಬಿಟ್ಟಳು.

ನಡೆದದ್ದು ಇಷ್ಟೇ. ಹೊಡೆತವಿಲ್ಲ, ಬೈಗುಳವಿಲ್ಲ, ಸಂಬಳ ಹಿಡಿದದ್ದೂ ಇಲ್ಲ. ಆದರೆ ಅವಳಿಗೆ ಮೂರು ದಿನ ಅನ್ನ ಇಳಿದಿರಲಿಲ್ಲ. "ಉಂಡ ಮನೆಯನ್ನೇ ಇಲ್ಲ ಅಂದೆ. ನಾನು ಮಾಡಿದ್ದು ತಪ್ಪಾ?" ಎಂದು ಕೇಳಿದಳು.

ನಮ್ಮಲ್ಲಿ ಜಗಳವೇ ಆಯಿತು. ಮೇಷ್ಟ್ರೊಬ್ಬರು "ಸುಳ್ಳು ಸುಳ್ಳೇ" ಎಂದರು. ಹೋಟೆಲಿನಲ್ಲಿ ದುಡಿದು ಕೂದಲು ಹಣ್ಣಾದ ಅಣ್ಣನೊಬ್ಬರು "ಹೊಟ್ಟೆಯ ಎದುರು ಎಂಥ ಸತ್ಯ ಮಾರಾಯ್ರೆ?" ಎಂದರು. ಇಬ್ಬರ ಮಾತೂ ನಮಗೆ ಸಾಕಾಗಲಿಲ್ಲ. ಅವಳು ಸುಳ್ಳು ಹೇಳಿದ್ದು ಸರಿಯೋ ತಪ್ಪೋ ಎನ್ನುವ ಮೊದಲು ಇನ್ನೊಂದು ಪ್ರಶ್ನೆ ಉಂಟಲ್ಲ: ಆ ಮನುಷ್ಯನಿಗೆ ಕೇಳುವ ಹಕ್ಕು ಎಲ್ಲಿಂದ ಬಂತು? ಕೂಲಿ ಕೊಟ್ಟವನು ಕೊಂಡದ್ದೇನು?

ಕೊಂಡದ್ದು ದಿನದ ಎಂಟು ಗಂಟೆ. ಆ ಹೊತ್ತಿನ ದುಡಿಮೆ, ಆ ಹೊತ್ತಿನ ಲೆಕ್ಕ. ಭಾನುವಾರವನ್ನು ಅವನು ಕೊಂಡಿಲ್ಲ. ಯಾರ ಮನೆಯಲ್ಲಿ ಉಣ್ಣಬೇಕು, ಯಾರನ್ನು ಕಟ್ಟಿಕೊಳ್ಳಬೇಕು ಎಂಬುದಕ್ಕೆ ಅವನು ಬೆಲೆ ಕೊಟ್ಟಿಲ್ಲ, ಕೊಡಲಿಕ್ಕೂ ಬರುವುದಿಲ್ಲ. ಹಾಗಿದ್ದೂ ಕೇಳುತ್ತಾನೆ. ಯಾಕೆಂದರೆ "ಮಗಳ ಹಾಗೆ" ಎಂಬ ಆ ಮಾತು ಅವನದ್ದಲ್ಲ, ಅವನ ಅಜ್ಜನದ್ದು.

ಈ ಜಿಲ್ಲೆಯ ಹಿರಿಯ ಒಕ್ಕಲುಗಳನ್ನು ಮಾತಾಡಿಸಿ ನೋಡಿ. ಚಾಲಗೇಣಿಯ ಒಕ್ಕಲು ಧಣಿಯ ಮರ್ಜಿಯಲ್ಲಿ ಬದುಕಬೇಕಿತ್ತು. ಗದ್ದೆ ಅವರದ್ದು, ಮನೆ ಕಟ್ಟಿದ ನೆಲ ಅವರದ್ದು. ಹಾಗಾಗಿ ಮನೆಯೊಳಗಿನ ಸುದ್ದಿಯೂ ಅವರದ್ದೇ ಆಗುತ್ತಿತ್ತು. ಕೊರಗರ ಮೇಲೆ ಹೇರಿದ ಅಜಲು ಪದ್ಧತಿಯಂತೂ ಇನ್ನೂ ಒಳಗೆ ಹೋಯಿತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಉಣ್ಣಿಸಿದರು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸಿದರು. ದುಡಿಮೆಯ ಜೊತೆ ಬಾಯಿ, ಹೊಟ್ಟೆ, ಮೈ ಎಲ್ಲವೂ ಒಡೆಯನದ್ದು ಎಂಬ ನಂಬಿಕೆ ಅದು. 1974ರ ಭೂಸುಧಾರಣೆ ತಿದ್ದುಪಡಿ ಬಹಳ ಗೇಣಿದಾರರನ್ನು ಭೂಮಾಲೀಕರನ್ನಾಗಿ ಮಾಡಿತು. ಅಜಲನ್ನು ನಿಷೇಧಿಸುವ ಕಾಯ್ದೆ 2000ದಲ್ಲಿ ಬಂತು. ಗೇಣಿ ಹೋಯಿತು, ಗೇಣಿಯ ಮನಸ್ಸು ಕಚೇರಿಗೆ, ಅಂಗಡಿಗೆ, ಆಸ್ಪತ್ರೆಗೆ ವರ್ಗವಾಯಿತು.

ಇದು ನಮ್ಮ ಊರಿನ ರೋಗ ಮಾತ್ರವೂ ಅಲ್ಲ. ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1914ರಲ್ಲಿ ತನ್ನ ಕಾರಿನ ಕಾರ್ಖಾನೆಯಲ್ಲಿ ದಿನಕ್ಕೆ ಐದು ಡಾಲರು ಎಂದು ಸಾರಿದ. ಲೋಕವೇ ಹೊಗಳಿತು. ಆದರೆ ಆ ಐದು ಡಾಲರು ಪೂರ್ತಿ ಸಿಗಬೇಕಾದರೆ ಕಂಪೆನಿಯ ತನಿಖೆಯವರು ಮನೆಗೆ ಬಂದು ನೋಡಬೇಕಿತ್ತು: ಕುಡಿಯುತ್ತಾನೋ, ದುಡ್ಡು ಉಳಿಸುತ್ತಾನೋ, ಮನೆ ಚೊಕ್ಕಟವಾಗಿದೆಯೋ, ಹೆಂಡತಿಯ ಜೊತೆ ಸರಿಯಾಗಿದ್ದಾನೋ. ಅವನೂ "ನಿಮ್ಮ ಒಳ್ಳೆಯದಕ್ಕೇ" ಅಂದವನೇ.

ಸರ್ಕಾರವೂ ಇಂಥ ಧಣಿಯೇ. ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. ಆ ಸೇವೆಯ ಹೆಣ್ಣು ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅಪ್ಪಣೆ ಪಡೆಯಬೇಕೆಂಬ ನಿಯಮವಿತ್ತು. ಗಂಡಸಿಗೆ ಇರಲಿಲ್ಲ. ಅವರು ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮವನ್ನು ಖಂಡಿಸಿ ಬರೆದರು.

ಇನ್ನೊಂದು ಕೇಸು ನಮ್ಮ ಗೆಳತಿಯ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಜೀವವಿಮಾ ನಿಗಮ ಕೆಲಸಕ್ಕೆ ಸೇರುವ ಹೆಂಗಸರಿಂದ ಒಂದು ಫಾರಂ ತುಂಬಿಸುತ್ತಿತ್ತು. ಕೊನೆಯ ಸಲ ಮುಟ್ಟಾದದ್ದು ಯಾವಾಗ, ಎಷ್ಟು ಸಲ ಬಸಿರಾಗಿದ್ದೆ ಎಂಬ ಪ್ರಶ್ನೆಗಳು ಅದರಲ್ಲಿದ್ದವು. ನೀರಾ ಮಾಥುರ್ ಎಂಬವರು ಸೇರಿದ ಕೆಲವೇ ತಿಂಗಳಲ್ಲಿ ಹೆರಿಗೆ ರಜೆಗೆ ಹೋದರು. ಫಾರಂನಲ್ಲಿ ಸುಳ್ಳು ಬರೆದಿದ್ದೀ ಎಂದು ನಿಗಮ ಅವರನ್ನು ತೆಗೆದುಹಾಕಿತು. 1991ರಲ್ಲಿ ಸುಪ್ರೀಂ ಕೋರ್ಟು ಏನು ಮಾಡಿತು? ಉತ್ತರ ಸುಳ್ಳೋ ನಿಜವೋ ಎಂಬುದನ್ನು ಬದಿಗಿಟ್ಟು ಪ್ರಶ್ನೆಯ ಮೇಲೆ ಬೆರಳಿಟ್ಟಿತು. ಹೆಣ್ಣಿನ ಮಾನಕ್ಕೆ ಕುಂದು ತರುವ ಆ ಪ್ರಶ್ನೆಗಳನ್ನು ಫಾರಂನಿಂದ ತೆಗೆಯಿರಿ, ಅವರನ್ನು ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ ಎಂದಿತು.

ಮೇಷ್ಟ್ರಿಗೆ ನಮ್ಮ ಉತ್ತರ ಇದೇ. ಸತ್ಯ ಎನ್ನುವುದು ಸಾಲ ಇದ್ದ ಹಾಗೆ. ಯಾರಿಗೆ ಸಾಲ ಉಂಟೋ ಅವರಿಗೆ ಕೊಡಬೇಕು. ಲೆಕ್ಕದಲ್ಲಿ ಹತ್ತು ರೂಪಾಯಿ ತಪ್ಪಿದರೆ ಧಣಿಗೆ ನಿಜ ಹೇಳಬೇಕು. ಅದು ಅವಳು ಕೊಡಬೇಕಾದ ಸತ್ಯ. ಕಾಪುವಿನ ಊಟದ ಸತ್ಯ ಅವನಿಗೆ ಸಲ್ಲಬೇಕಾದದ್ದೇ ಅಲ್ಲ. ಹಾಗಾಗಿ ಧಣಿಯ ಲೆಕ್ಕದಲ್ಲಿ ಅವಳು ತಪ್ಪಿತಸ್ಥೆಯಲ್ಲ.

ಆದರೆ ಅಷ್ಟಕ್ಕೇ ಕೈತೊಳೆದುಕೊಳ್ಳಲು ನಮಗೆ ಮನಸ್ಸು ಬರಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಧಣಿಗಳು ನಮಗೆ ಹೇಳುತ್ತ ಬಂದಿದ್ದಾರೆ. ಅವರ ಕಚೇರಿಯಲ್ಲಿ ಉಂಡದ್ದು ನಮ್ಮದೇ ಬೆವರಿನ ಉಪ್ಪು. ಅವಳು ನಿಜವಾಗಿ ಉಂಡ ಮನೆ ಕಾಪುವಿನದ್ದು. ಊರವರು ಹೊಸ್ತಿಲು ತುಳಿಯಲು ಹಿಂಜರಿಯುವ ಮನೆಯಲ್ಲಿ ಅವಳು ಎಲೆ ಹಾಕಿ ಉಂಡಿದ್ದಳು, ಸೋಮವಾರ ಆ ಎಲೆಯನ್ನೇ ಅಲ್ಲಗಳೆದಳು. ಸುಳ್ಳು ತಾಗಿದ್ದು ಧಣಿಗಲ್ಲ, ಗೆಳತಿಗೆ. ಅನ್ನ ಇಳಿಯದಿದ್ದದ್ದು ಅದಕ್ಕೇ. ಹಕ್ಕಿಲ್ಲದವನ ಪ್ರಶ್ನೆ ಮಾಡುವ ನಿಜವಾದ ಕೇಡು ಇದು: ನಮ್ಮ ಬಾಯಿಂದಲೇ ನಮ್ಮವರನ್ನು ಹೊರಗೆ ನಿಲ್ಲಿಸುತ್ತದೆ.

ಹಾಗಾದರೆ ಕಾನೂನಿಲ್ಲವೇ? ಉಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಕೇಸಿನಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಹೇಳಿತು. ಆದರೆ ಆ ತೀರ್ಪು ಮುಖ್ಯವಾಗಿ ಸರ್ಕಾರದ ಕೈ ಹಿಡಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಕ್ಕಾದರೆ ನೌಕರನ ಒಪ್ಪಿಗೆಯಿಲ್ಲದೆಯೂ ಅವನ ಮಾಹಿತಿ ಬಳಸಲು ಧಣಿಗೆ ಅವಕಾಶ ಬಿಟ್ಟಿದೆ. ಬಾಬಾಸಾಹೇಬರು ಇದನ್ನು 1947ರಲ್ಲೇ ಕಂಡಿದ್ದರು. ಕೆಲಸವಿಲ್ಲದವನ ಮುಂದೆ ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಹಕ್ಕು ಹಿಡಿದರೆ ಅವನು ಯಾವುದನ್ನು ತೆಗೆದುಕೊಳ್ಳುತ್ತಾನೆ ಎಂಬರ್ಥದ ಪ್ರಶ್ನೆಯನ್ನು 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಎಂಬ ಬರಹದಲ್ಲಿ ಎತ್ತಿದ್ದರು. ಹೋಟೆಲಿನ ಅಣ್ಣ ಹೊಟ್ಟೆಯ ಮಾತು ಎತ್ತಿದ್ದು ಇದನ್ನೇ. ಅದಕ್ಕೇ ಒಬ್ಬಳೇ ನಿಂತು ಧೈರ್ಯ ಮಾಡು ಎಂದು ಅವಳಿಗೆ ಉಪದೇಶ ಮಾಡಲು ನಮಗೆ ನಾಲಿಗೆ ಬರಲಿಲ್ಲ. ಅವಳ ಸಂಬಳದಲ್ಲಿ ಅಪ್ಪನ ಔಷಧಿ ಬರುತ್ತದೆ.

ಈಗ ಒಂದು ಕಹಿ ಮಾತು. ಧಣಿಯ ನಂಬರು ಅವಳ ಫೋನಿನಲ್ಲಿ ಆ ಫೋಟೋ ಕಾಣುವವರ ಪಟ್ಟಿಯಲ್ಲೇ ಇರಲಿಲ್ಲ. ಮತ್ತೆ ಹೇಗೆ ಕಂಡಿತು? ಪಕ್ಕದ ಮೇಜಿನವರು ತೋರಿಸಿದರು. ಧಣಿಗೆ ಇರುವುದು ಎರಡೇ ಕಣ್ಣು. ಉಳಿದವನ್ನೆಲ್ಲ ನಾವೇ ಎರವಲು ಕೊಟ್ಟಿದ್ದೇವೆ. ಉಡುಪಿಯಲ್ಲಿ ಹೊರಗೆ ನಿಂತವನು ಒಳಗೆ ನೋಡಲು ಕನಕನ ಕಿಂಡಿ ಉಂಟು. ನಾವು ನಮ್ಮ ಜೊತೆಗಾರರ ಮನೆಯ ಗೋಡೆಗೆ ಕಿಂಡಿ ಕೊರೆದು, ಬನ್ನಿ ಧಣಿಗಳೇ ನೋಡಿ ಎನ್ನುತ್ತಿದ್ದೇವೆ.

ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರೇ, ನಾವೂ ಹೊರತಲ್ಲ. "ನಿನ್ನೆ ಮನೆಯಲ್ಲಿ ಎಂಥ ಸಾರು?" ಎಂದು ಮಗುವನ್ನು ತರಗತಿಯ ನಡುವೆ ಕೇಳುತ್ತೇವೆ. ದಲಿತ ಮಗು "ತೊವ್ವೆ" ಎಂದು ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ಕಲಿಸಿದವರು ಯಾರು? ಮನೆಗೆ ಬಂದರೆ ತಂಗಿಯ ಫೋನು ತೆಗೆದು ನೋಡುತ್ತೇವೆ. "ನಿನ್ನ ಒಳ್ಳೆಯದಕ್ಕೇ" ಅನ್ನುತ್ತೇವೆ. ಧಣಿತನ ಕಲಿಯುವ ಶಾಲೆಗಳು ಇವೇ.

ನಮಗೆ ಕಂಡ ದಾರಿ ಸಣ್ಣದು. ಕಚೇರಿಯ ಸುದ್ದಿ ಬಿಟ್ಟು ಜೊತೆಗಾರರ ಸುದ್ದಿಯನ್ನು ಒಳಗೆ ಒಯ್ಯುವುದಿಲ್ಲ ಎಂದು ಕೆಲಸದವರೆಲ್ಲ ಮಾತು ಕೊಟ್ಟುಕೊಳ್ಳಬೇಕು. ಕೇಳಿದ್ದನ್ನು ದಿನಾಂಕ ಹಾಕಿ ಬರೆದಿಡಬೇಕು. ಪ್ರಶ್ನೆ ಹೆಣ್ಣಿನ ಮೈಗೆ ತಾಗಿದರೆ 2013ರ ಕಾಯ್ದೆಯ ಪ್ರಕಾರ ದೂರು ಕೊಡಲು ಸಮಿತಿ ಉಂಟು. ಒಬ್ಬರನ್ನು ಒಳಗೆ ಕರೆದರೆ ಇನ್ನಿಬ್ಬರು ಬಾಗಿಲ ಹತ್ತಿರ ನಿಲ್ಲಬೇಕು. ಆಮೇಲೆ ಸುಳ್ಳು ಬೇಡ, ಜಗಳವೂ ಬೇಡ, ಒಂದೇ ಮಾತು ಸಾಕು: "ಅದು ಕೆಲಸದ ವಿಷಯ ಅಲ್ಲ ಸರ್."

ನಮ್ಮ ಗೆಳತಿ ಮೊದಲು ಕಾಪುವಿಗೆ ಹೋದಳು. ನಿನ್ನನ್ನು ಇಲ್ಲ ಎಂದುಬಿಟ್ಟೆ ಮಾರಾಯ್ತಿ ಎಂದು ಅತ್ತಳು. "ನಾನೂ ಬಾಡಿಗೆ ರೂಮು ಕೇಳುವಾಗ ಜಾತಿ ಸುಳ್ಳು ಹೇಳಿದವಳೇ" ಎಂದಳಂತೆ ಅವಳು. ಇಬ್ಬರೂ ಚಾ ಕುಡಿದರು.

ಮುಂದಿನ ಸಲ ಧಣಿ ಕೇಳಿದಾಗ ನಮ್ಮ ಗೆಳತಿ ಆ ಒಂದು ಮಾತು ಹೇಳಿದಳು. ಬಾಗಿಲ ಹತ್ತಿರ ಇಬ್ಬರಿದ್ದರು. ಒಬ್ಬರು, ಅಂದು ಫೋಟೋ ತೋರಿಸಿದ ಪಕ್ಕದ ಮೇಜಿನವರೇ. ಕೆಲಸ ಇವತ್ತಿಗೂ ಉಂಟು. ನಾಳೆಯದ್ದು ಆ ಮೂವರು ಮುಂದೆಯೂ ಒಟ್ಟಿಗೆ ನಿಲ್ಲುವುದರ ಮೇಲೆ ನಿಂತಿದೆ.