ಕಾರಣಕ್ಕಿಂತ ಮೊದಲು ಆರೈಕೆ

ಬಸುರಿಗೆ ಬಿ.ಪಿ. ಏರಿದೆ ಎಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಅವಳು ಏನು ತಿಂದಳು?’ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಂಥ ತೆಂಗು, ರಾಗಿಯ ಸೀಮೆಯಲ್ಲಿ ಅನುಮಾನ ಕೊಬ್ಬರಿ, ತುಪ್ಪದ ಮೇಲೆ ಬೀಳುವುದು ಸುಲಭ. ವಿಜ್ಞಾನವೂ ರಕ್ತದ ಕೊಬ್ಬಿನ ಮಾತೆತ್ತಿದಾಗ ಅನುಮಾನಕ್ಕೆ ಬಲ ಬಂದಂತೆ ಕಾಣುತ್ತದೆ. ನಿಜಕ್ಕೂ ಬಂದಿದೆಯೇ?

ರಕ್ತನಾಳದ ಒಳಪದರವು ಅರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಕೆಲವೇ ಕ್ಷಣ ಬಾಳುವ ಈ ಅನಿಲ ನಾಳವನ್ನು ಸಡಿಲಿಸುತ್ತದೆ. ಅನಿಲದ ಈ ಕೆಲಸವನ್ನು ತೋರಿಸಿಕೊಟ್ಟ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಸಂದಿತು. ಬಸುರಿಯ ರಕ್ತ ಸುಮಾರು ಅರ್ಧದಷ್ಟು ಹೆಚ್ಚಿದರೂ ನಡುತಿಂಗಳುಗಳಲ್ಲಿ ಬಿ.ಪಿ. ತುಸು ಇಳಿಯುವುದರಲ್ಲಿ ಈ ಸಡಿಲಿಕೆಯ ಪಾಲಿದೆ. ಗರ್ಭನಂಜಿನಲ್ಲಿ, ಅಂದರೆ 20 ವಾರಗಳ ನಂತರ ಬಿ.ಪಿ. 140/90 ಮುಟ್ಟಿ ಮೂತ್ರದಲ್ಲಿ ಪ್ರೋಟೀನ್ ಕಂಡಾಗ ಇಲ್ಲವೇ ಬೇರೆ ಅಂಗಗಳು ಸೊರಗಿದಾಗ, ಆ ಒಳಪದರ ಕೆಟ್ಟಿರುತ್ತದೆ. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಕೂಡ ಹಲವು ವೇಳೆ ಮಾಮೂಲಿಗಿಂತ ಏರಿರುತ್ತದೆ. ಉತ್ಕರ್ಷಣಗೊಂಡ ಕೊಬ್ಬು ಒಳಪದರವನ್ನು ಕೆಡಿಸಿ ನೈಟ್ರಿಕ್ ಆಕ್ಸೈಡನ್ನು ಕುಗ್ಗಿಸುತ್ತದೆ ಎಂಬ ವಿವರಣೆ ಅಚ್ಚುಕಟ್ಟಾಗಿದೆ.

ಅದು ಪೂರ್ಣಸತ್ಯವಾಗಿದ್ದರೆ, ಉತ್ಕರ್ಷಣ ತಡೆಯುವ ವಿಟಮಿನ್ ಸಿ ಮತ್ತು ಇ ಕೊಟ್ಟಾಗ ರೋಗ ತಗ್ಗಬೇಕಿತ್ತು. ಅಪಾಯದಂಚಿನಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ರೋಗ ತಗ್ಗಲಿಲ್ಲ, ಕಡಿಮೆ ತೂಕದ ಕೂಸುಗಳು ಹೆಚ್ಚಿದವು. ಅದೂ ಅಲ್ಲದೆ, ಆರೋಗ್ಯವಂತ ಬಸುರಿಯಲ್ಲೂ ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟು ಏರುತ್ತದೆ. ಅದು ಕೂಸಿಗಾಗಿ ಮೈ ಮಾಡಿಕೊಳ್ಳುವ ಏರ್ಪಾಡು. ರೋಗದ ಬೇರು ಬಹುಮಟ್ಟಿಗೆ ಮಾಸಿನಲ್ಲಿದೆ. ಹಾಗಿರುವಾಗ ಕೊಬ್ಬು ಕಾರಣವೋ, ಪರಿಣಾಮವೋ, ಬರೀ ಜೊತೆಗಿರುವ ಗುರುತೋ ಎಂಬುದನ್ನು ಒಂದು ಸಲ ತೆಗೆದ ರಕ್ತ ಹೇಳಲಾರದು.

ಮೂಲ ತಿಳಿಯದೆ ಮದ್ದು ಹೇಗೆ ಎಂದು ಕೇಳಬಹುದು. ಆದರೆ ‘ಯಾಕೆ ಬಂತು’ ಎಂಬ ಅರಿವು ಬೇರೆ, ‘ಏನು ಮಾಡಿದರೆ ಉಳಿಸಬಹುದು’ ಎಂಬ ಅರಿವು ಬೇರೆ. ಎರಡನೆಯದು ಮೊದಲನೆಯದಕ್ಕಾಗಿ ಕಾಯಬೇಕಿಲ್ಲ. ಮೆಗ್ನೀಸಿಯಮ್ ಸಲ್ಫೇಟ್ ನಂಜಿನ ಫಿಟ್ಸನ್ನು ಅರ್ಧಕ್ಕಿಳಿಸುತ್ತದೆ ಎಂದು 2002ರಲ್ಲೇ ಖಚಿತವಾಯಿತು. ಹೇಗೆ ಇಳಿಸುತ್ತದೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಬೆಳಗಾವಿಯೂ ಸೇರಿ ಆರು ದೇಶಗಳ ಕೇಂದ್ರಗಳಲ್ಲಿ ಚೊಚ್ಚಲ ಬಸುರಿಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಣ್ಣ ಪ್ರಮಾಣದ ಆಸ್ಪಿರಿನ್ ಅವಧಿಪೂರ್ವ ಹೆರಿಗೆಯನ್ನು ಶೇ. 11ರಷ್ಟು ತಗ್ಗಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 11,000 ಚೊಚ್ಚಲ ಬಸುರಿಯರಲ್ಲಿ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಂಜು ತಡೆಯಲು ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ 1,500 ಮಿಲಿಗ್ರಾಮಿಗೆ ಕಡಿಮೆಯೇನಲ್ಲ.

ಅರೆಬರೆ ಕಾರಣ ಅಡುಗೆಮನೆಗೆ ಬಂದರೆ ಆರೋಪವಾಗುತ್ತದೆ. ಆರೋಪ ಹೊತ್ತ ಹೆಣ್ಣು ತಲೆನೋವನ್ನು ಹೇಳಿಕೊಳ್ಳಲು ಹಿಂಜರಿಯುತ್ತಾಳೆ. ಕಣ್ಣು ಮಂಜಾದರೂ, ಎದೆಗುಂಡಿಗೆಯ ಕೆಳಗೆ ನೋವೆದ್ದರೂ ನುಂಗಿಕೊಳ್ಳುತ್ತಾಳೆ. ನಂಜಿನಲ್ಲಿ ಕಳೆದುಹೋಗುವ ಒಂದೊಂದು ಗಂಟೆಗೂ ಬೆಲೆ ತೆರಬೇಕಾದೀತು. ಹಾಗಾಗಿ ತಪ್ಪು ವಿವರಣೆ ಬರೀ ತಿಳಿವಳಿಕೆಯ ದೋಷವಲ್ಲ, ಅನ್ಯಾಯವೂ ಹೌದು.

ಕೊಬ್ಬಿನ, ನೈಟ್ರಿಕ್ ಆಕ್ಸೈಡಿನ ಸಂಶೋಧನೆ ನಡೆಯಲೇಬೇಕು. ನಾಳಿನ ಮದ್ದು ಅಲ್ಲಿಂದ ಬರಬಹುದು. ಇಂದಿನ ಬಸುರಿಗೆ ಸಲ್ಲಬೇಕಾದದ್ದು ಮಾತ್ರ ಸ್ಪಷ್ಟವಾಗಿದೆ: ಪ್ರತಿ ತಪಾಸಣೆಯಲ್ಲೂ ಬಿ.ಪಿ. ಅಳೆದು ತಾಯಿ ಕಾರ್ಡಿನಲ್ಲಿ ಬರೆಯುವುದು, ಅಪಾಯದ ಲಕ್ಷಣಗಳನ್ನು ಗಂಡನೂ ಅತ್ತೆಯೂ ಅರಿತಿರುವುದು, ಹಾಸನದ ಆಸ್ಪತ್ರೆಗೆ ಹೊರಡಲು ರಾತ್ರಿಯಾದರೂ ಗಾಡಿ ಸಿಗುವುದು. ಅವಳ ಮೈಯ ಗುಟ್ಟು ಬಿಡಿಸುವವರೆಗೆ ಕಾಯುವ ಹಕ್ಕು ನಮಗಿಲ್ಲ.