ಮಾತನ್ನು ದಾಟಿಸುವವರ ಧರ್ಮ

ಒಬ್ಬರ ಮಾತು ಇನ್ನೊಬ್ಬರಿಗೆ ಮೂರನೆಯವರ ಮೂಲಕ ತಲುಪುವಾಗ, ಆ ಮೂರನೆಯವರು ಮಾತಿನ ಸತ್ಯಕ್ಕೆ ಎಷ್ಟರಮಟ್ಟಿಗೆ ಹೊಣೆ, ಅದರ ಗುಟ್ಟಿಗೆ ಎಷ್ಟರಮಟ್ಟಿಗೆ ಹೊಣೆ ಎಂಬ ಪ್ರಶ್ನೆ ಭಾರತೀಯ ದರ್ಶನಗಳಿಗೆ ಹೊಸದಲ್ಲ. ಹವ್ಯಾಸಿ ರೇಡಿಯೊದಲ್ಲಿ ಬಂದ ದನಿಯನ್ನು ಮೊಬೈಲ್ ಕರೆಗೆ ಜೋಡಿಸುವ ಕೆಲಸದಲ್ಲಿ ಅದು ಮತ್ತೆ ಎದುರಾಗುತ್ತದೆ, ಮತ್ತು ಇಲ್ಲಿ ಅದಕ್ಕೆ ಉತ್ತರಿಸಬೇಕಾದವರು ಪಂಡಿತರಲ್ಲ, ಮನೆಯ ಮೇಜಿನ ಮೇಲೆ ರೇಡಿಯೊ ಇಟ್ಟುಕೊಂಡ ಸಾಮಾನ್ಯ ಜನ. ಹವ್ಯಾಸಿ ರೇಡಿಯೊ ಎಂದರೆ ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಪರವಾನಗಿ ಮತ್ತು ತನ್ನದೇ ಆದ ಕರೆಸಂಕೇತ ಪಡೆದು, ಯಾವ ಪ್ರತಿಫಲವನ್ನೂ ಬಯಸದೆ ನಡೆಸುವ ನಿಸ್ತಂತು ಸಂಪರ್ಕ. ಅದರಲ್ಲಿ ತೊಡಗಿದವರನ್ನು ಲೋಕವೆಲ್ಲ ಹ್ಯಾಮ್ ಎಂದು ಕರೆಯುತ್ತದೆ.

ಬಿಡದಿ ಕೈಗಾರಿಕಾ ಪ್ರದೇಶ ಮತ್ತು ಅದರ ಸುತ್ತಲಿನ ರಾಮನಗರ, ಮಾಗಡಿ, ಕನಕಪುರದ ಸೀಮೆ ಈ ಪ್ರಶ್ನೆಯನ್ನು ಇಟ್ಟು ನೋಡಲು ತಕ್ಕ ನೆಲ. ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲಿ, 1999ರಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟ ಕಿರ್ಲೋಸ್ಕರ್ ಸೇರಿದಂತೆ ಹಲವು ಕಾರ್ಖಾನೆಗಳಿರುವ ಬಿಡದಿಯಲ್ಲಿ ಮೊಬೈಲ್ ಟವರುಗಳಿಗೆ ಕೊರತೆಯಿಲ್ಲ. ಅಲ್ಲಿಂದ ದಕ್ಷಿಣಕ್ಕೆ ಇಳಿದು, ಕನಕಪುರ ದಾಟಿ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ ಮತ್ತು ಅದರಾಚೆಯ ಮೇಕೆದಾಟಿನ ಕಣಿವೆಯ ಕಡೆಗೆ ಹೋದರೆ ಅದೇ ಮೊಬೈಲು ಗುಡ್ಡದ ಮರೆಗೆ ಬಿದ್ದು ಮೂಕವಾಗುತ್ತದೆ. ಮೊಬೈಲು ಕೂಡ ರೇಡಿಯೊವೇ ಆದರೂ ಅದರ ಶಕ್ತಿ ಅಲ್ಪ, ಅದರ ತರಂಗ ಬಹುಮಟ್ಟಿಗೆ ನೇರ ದಾರಿಯಲ್ಲಿ ಸಾಗುವಂಥದು, ಹತ್ತಿರದ ಟವರನ್ನು ಮುಟ್ಟಲಾಗದಿದ್ದರೆ ಅದಕ್ಕೆ ಬೇರೆ ಗತಿಯಿಲ್ಲ. ಹ್ಯಾಮ್‌ಗಳಿಗಾದರೋ ಎರಡು ದಾರಿಗಳಿವೆ: 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಬೆಟ್ಟದ ತಲೆಯ ಮೇಲಿಟ್ಟ ರಿಪೀಟರ್, ಅಂದರೆ ದುರ್ಬಲ ಸಂಕೇತವನ್ನು ಒಂದು ಕಂಪನಾಂಕದಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಬಲವಾಗಿ ಮರುಪ್ರಸಾರ ಮಾಡುವ ಉಪಕರಣ, ಗುಡ್ಡದ ಎರಡೂ ಮಗ್ಗುಲಿಗೆ ಸೇವೆ ಕೊಡಬಲ್ಲದು, ಅದೂ ಇಲ್ಲದ ಕಡೆ 7 ಮೆಗಾಹರ್ಟ್ಸ್ ಸುತ್ತಿನ ತರಂಗವನ್ನು ನೆತ್ತಿಯ ನೇರಕ್ಕೆ ಕಳಿಸಿದರೆ, ಅದು ವಾತಾವರಣದ ಮೇಲಣ ವಿದ್ಯುದಾವಿಷ್ಟ ಪದರವಾದ ಅಯಾನುಗೋಳದಿಂದ ಮರಳಿ ಗುಡ್ಡದಾಚೆಗೆ ಇಳಿಯುತ್ತದೆ. ಬಿಡದಿಗೆ ಬಹಳ ದೂರವಲ್ಲದ ಬ್ಯಾಲಾಳಿನಲ್ಲಿ 2008ರಿಂದ ಇಸ್ರೋ ಸಂಸ್ಥೆಯ 32 ಮೀಟರ್ ವ್ಯಾಸದ ಆಂಟೆನಾ ಚಂದ್ರನ ಸುತ್ತಣ ನೌಕೆಯ ಕ್ಷೀಣ ಸಂಕೇತವನ್ನೂ ಆಲಿಸುತ್ತ ಬಂದಿದೆ ಎಂಬುದನ್ನು ನೆನೆದರೆ, ಪಕ್ಕದ ಕಣಿವೆಯ ಕೂಗು ಕೇಳಿಸದಿರುವುದಕ್ಕೆ ದೂರವೊಂದೇ ಕಾರಣವಲ್ಲವೆಂಬುದು ಸ್ಪಷ್ಟವಾಗುತ್ತದೆ.

ರೇಡಿಯೊದ ದನಿಯನ್ನು ದೂರವಾಣಿಗೆ ಸೇರಿಸುವುದು ಎರಡು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯದರಲ್ಲಿ ಹ್ಯಾಮ್ ತಾನು ಕೇಳಿದ ಸಂದೇಶವನ್ನು ಬರೆದುಕೊಂಡು, ಓದಿ ಒಪ್ಪಿಸಿ ತಿದ್ದಿಕೊಂಡು, ಬಳಿಕ ಫೋನ್ ಮಾಡಿ ತನ್ನ ಬಾಯಿಂದ ಹೇಳುತ್ತಾನೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಅಂಡಮಾನಿನಲ್ಲಿ ನಡೆದುದು ಇಂಥದು. ರೇಡಿಯೊ ಕಾರ್ಯಾಚರಣೆಗೆಂದು ಮೊದಲೇ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಬದುಕುಳಿದವರ ಸುದ್ದಿಯನ್ನು ಗಾಳಿಗೆ ಬಿಟ್ಟರು, ಮುಖ್ಯಭೂಮಿಯ ಹ್ಯಾಮ್‌ಗಳು ಅದನ್ನು ಬಂಧುಗಳಿಗೆ ಮುಟ್ಟಿಸಿದರು. ಎರಡನೆಯದು ಫೋನ್ ಪ್ಯಾಚ್. ಇದರಲ್ಲಿ ಒಂದು ಸಣ್ಣ ವಿದ್ಯುನ್ಮಂಡಲವು ರೇಡಿಯೊವನ್ನೂ ದೂರವಾಣಿಯನ್ನೂ ನೇರ ಬೆಸೆಯುವುದರಿಂದ, ಕಾಡಿನ ದನಿಯೇ ಮನೆಯವರ ಕಿವಿಗೆ ಬೀಳುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಅವರ ಅರಿಜೋನಾದ ನಿಲ್ದಾಣ ಸೈನಿಕರ ದನಿಯನ್ನು ಅವರ ಮನೆಗಳಿಗೆ ಹೀಗೆ ಸೇರಿಸುತ್ತಿತ್ತು. ಮೇಲ್ನೋಟಕ್ಕೆ ಎರಡನೆಯದು ಮೊದಲನೆಯದರ ಸುಧಾರಿತ ರೂಪವೆನಿಸುತ್ತದೆ, ಆದರೆ ನೈತಿಕವಾಗಿ ಅವೆರಡೂ ಬೇರೆ ಬೇರೆ ಕೆಲಸಗಳು.

ಮೊದಲನೆಯದರ ತೊಡಕನ್ನು ನ್ಯಾಯದರ್ಶನ ಸ್ಪಷ್ಟವಾಗಿ ಬಿಡಿಸುತ್ತದೆ. ಗೌತಮನ ನ್ಯಾಯಸೂತ್ರವು ಆಪ್ತನ ಮಾತನ್ನು ಶಬ್ದಪ್ರಮಾಣವೆಂದು, ಅಂದರೆ ಜ್ಞಾನಕ್ಕೆ ಒಂದು ಸ್ವತಂತ್ರ ಸಾಧನವೆಂದು ಒಪ್ಪುತ್ತದೆ. ಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ ವಸ್ತುವನ್ನು ಸಾಕ್ಷಾತ್ತಾಗಿ ತಿಳಿದು, ತಿಳಿದಂತೆಯೇ ಹೇಳಬಯಸುವವನು ಆಪ್ತ, ಮತ್ತು ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಹುಟ್ಟನ್ನು ಬದಿಗಿಟ್ಟು ನಂಬಿಕೆಯನ್ನು ಅರಿವು ಮತ್ತು ಪ್ರಾಮಾಣಿಕತೆಗಳ ಮೇಲೆ ನಿಲ್ಲಿಸಿದ ಈ ಮಾತು ಭಾರತೀಯ ಚಿಂತನೆಯ ದೊಡ್ಡ ಮಾತುಗಳಲ್ಲೊಂದು. ಆದರೆ, ಉದಾಹರಣೆಗೆ, ಬಿಡದಿಯಲ್ಲಿ ಕುಳಿತ ಹ್ಯಾಮ್ ಸಂಗಮದ ಬಳಿ ಕಾಲು ಮುರಿದುಕೊಂಡವನನ್ನು ಕಂಡಿಲ್ಲ. ಅವನು ಸಾಕ್ಷಾತ್ತಾಗಿ ತಿಳಿದಿರುವುದು ಗಾಯವನ್ನಲ್ಲ, ಗಾಯದ ಬಗೆಗೆ ಆಡಿದ ಮಾತನ್ನು ಮಾತ್ರ. ಆದ್ದರಿಂದ ಅವನ ಆಪ್ತತೆ ಇಷ್ಟಕ್ಕೇ ಸಲ್ಲುತ್ತದೆ: ಇಂಥವರು, ಇಂಥ ಹೊತ್ತಿಗೆ, ಹೀಗೆಂದರು. ಧೈರ್ಯ ತುಂಬಲೆಂದು ಒಂದು ಮಾತು ಸೇರಿಸಿದರೂ, ಗಾಬರಿ ತಪ್ಪಿಸಲೆಂದು ಒಂದು ಮಾತು ಬಿಟ್ಟರೂ ಅವನು ಆ ಎಲ್ಲೆಯನ್ನು ಮೀರಿದಂತೆ. ಹೆಸರುಗಳನ್ನು ಅಕ್ಷರಕ್ಕೊಂದು ಗೊತ್ತಾದ ಪದವಿಟ್ಟು ಬಿಡಿಸಿ ಹೇಳುವುದು, ಪೂರ್ತಿ ಸಂದೇಶವನ್ನು ಮರಳಿ ಓದಿ ಖಚಿತಪಡಿಸಿಕೊಳ್ಳುವುದು ಮುಂತಾದ ಹ್ಯಾಮ್‌ಗಳ ರೂಢಿ ಈ ಎಲ್ಲೆಯನ್ನು ಕಾಯುವ ವ್ರತವೇ ಆಗಿದೆ. ಜೈನ ಆಚಾರದ ಐದು ಸಮಿತಿಗಳಲ್ಲಿ ಒಂದಾದ ಭಾಷಾಸಮಿತಿ, ಅಂದರೆ ಹಿತವೂ ಮಿತವೂ ಸಂದೇಹಕ್ಕೆಡೆಯಿಲ್ಲದ್ದೂ ಆದ ಮಾತನ್ನಷ್ಟೇ ಎಚ್ಚರದಿಂದ ಆಡುವ ನಿಯಮ, ಯತಿಗಳಿಗೆಂದು ಹೇಳಿದ್ದಾದರೂ ಇಲ್ಲಿ ಗೃಹಸ್ಥರೂ ಅದನ್ನು ಪಾಲಿಸಬೇಕಾಗುತ್ತದೆ.

ಪ್ಯಾಚ್‌ನಲ್ಲಿ ಸತ್ಯದ ಈ ಹೊರೆ ಇಳಿಯುತ್ತದೆ, ಏಕೆಂದರೆ ಬಂಧುಗಳು ತಮ್ಮವರ ದನಿಯನ್ನೇ ಗುರುತಿಸುತ್ತಾರೆ. ಅಶೋಕವನದಲ್ಲಿ ಹನುಮಂತನು ಸೀತೆಯ ಸಂಶಯ ನೀಗಲು ಉಂಗುರ ತೋರಿಸಬೇಕಾಯಿತು, ಇಲ್ಲಿ ದನಿಯೇ ಉಂಗುರ. ಅದರ ಬದಲಿಗೆ ಬೇರೊಂದು ಹೊರೆ ಏರುತ್ತದೆ. ದಾಟಿಸುವವನು ಕಿವಿಗೆ ಕಾಣದಾಗುತ್ತಾನೆ, ಆದರೆ ಎಲ್ಲವನ್ನೂ ಕೇಳುತ್ತಲೇ ಇರುತ್ತಾನೆ. ಪರವಾನಗಿ ಅವನ ಹೆಸರಿನಲ್ಲಿರುವುದರಿಂದ ನಿಲ್ದಾಣದ ಹತೋಟಿ ಬಿಟ್ಟು ಎದ್ದುಹೋಗುವಂತಿಲ್ಲ, ಕೇಳಿದ್ದನ್ನು ಬೇರೆಯವರಿಗೆ ಹೇಳುವಂತೆಯೂ ಇಲ್ಲ. ಅವನೊಬ್ಬನೇ ಅಲ್ಲ, ಆ ಕಂಪನಾಂಕಕ್ಕೆ ರೇಡಿಯೊ ಹೊಂದಿಸಿಕೊಂಡ ಯಾರು ಬೇಕಾದರೂ ಕೇಳಬಲ್ಲರು. ಶಬ್ದವನ್ನು ಆಕಾಶದ ಗುಣವೆಂದು ಬಗೆದ ನ್ಯಾಯ-ವೈಶೇಷಿಕರು ಅದು ಹರಡುವ ಬಗೆಗೆ ಎರಡು ದೃಷ್ಟಾಂತಗಳನ್ನು ಕೊಟ್ಟಿದ್ದರು: ನೀರಿನ ಅಲೆಯಂತೆ ಒಂದರಿಂದ ಇನ್ನೊಂದು ಹುಟ್ಟುವುದೆಂಬ ವೀಚೀತರಂಗ ನ್ಯಾಯ, ಕದಂಬದ ಹೂವಿನ ಎಸಳುಗಳಂತೆ ಎಲ್ಲ ದಿಕ್ಕಿಗೂ ಒಮ್ಮೆಗೇ ಹೊಮ್ಮುವುದೆಂಬ ಕದಂಬಗೋಲಕ ನ್ಯಾಯ. ಅವರು ಹೇಳಿದ್ದು ಕಿವಿಗೆ ಕೇಳುವ ಶಬ್ದವನ್ನು ಕುರಿತೇ ಹೊರತು ರೇಡಿಯೊ ತರಂಗವನ್ನಲ್ಲ, ಅವರಲ್ಲಿ ಇಂದಿನ ವಿಜ್ಞಾನವನ್ನು ಹುಡುಕುವುದು ಅವರಿಗೂ ವಿಜ್ಞಾನಕ್ಕೂ ಅನ್ಯಾಯ. ಆದರೂ ಮಾತು ಹುಟ್ಟಿದೊಡನೆ ಎಲ್ಲ ದಿಕ್ಕಿಗೂ ಸಲ್ಲುತ್ತದೆ, ಆಡಿದವನ ಉದ್ದೇಶಕ್ಕೆ ಕಟ್ಟುಬೀಳುವುದಿಲ್ಲ ಎಂಬ ಅವರ ತಿಳಿವಳಿಕೆ ಹ್ಯಾಮ್ ರೇಡಿಯೊದ ಮಟ್ಟಿಗೆ ದಿಟ. ಮೊಬೈಲ್ ಕರೆ ಗೂಢಲಿಪಿಯ ರಕ್ಷೆಯಲ್ಲಿ ಇಬ್ಬರ ನಡುವೆ ಸಾಗಿದರೆ, ಹ್ಯಾಮ್‌ಗಳು ನಿಯಮದಂತೆ ಬಯಲ ಭಾಷೆಯಲ್ಲೇ ಆಡಬೇಕು. ಇವೆರಡನ್ನು ಬೆಸೆದಾಗ ಏಕಾಂತದ ಮಾತು ಬಯಲಿಗೆ ಬರುತ್ತದೆ, ಮತ್ತು ಫೋನ್ ಎತ್ತಿದವರಿಗೆ ಅದು ಗೊತ್ತಿರುವುದಿಲ್ಲ.

ಭಾರತದ 1978ರ ಹವ್ಯಾಸಿ ಸೇವಾ ನಿಯಮಗಳು ಬೇರೆಯವರ ಮಾತನ್ನು ಹೊರುವ ವಿಷಯದಲ್ಲಿ ಬಿಗಿಯಾಗಿವೆ. ಹ್ಯಾಮ್‌ಗಳ ಮಾತುಕತೆ ತಾಂತ್ರಿಕ ಪ್ರಯೋಗಕ್ಕೂ, ಸಾರ್ವಜನಿಕ ದೂರಸಂಪರ್ಕವನ್ನು ಬಳಸುವಷ್ಟು ಮಹತ್ತ್ವವಿಲ್ಲದ ವೈಯಕ್ತಿಕ ವಿಚಾರಗಳಿಗೂ ಸೀಮಿತ. ಹ್ಯಾಮ್ ಅಲ್ಲದವರ ಸಂದೇಶಕ್ಕೆ ಅವಕಾಶವಿರುವುದು ಭೂಕಂಪ, ಪ್ರವಾಹ, ಚಂಡಮಾರುತಗಳಂಥ ವಿಪತ್ತಿನಲ್ಲಿ, ಅದೂ ಜಿಲ್ಲಾಧಿಕಾರಿಯಂಥ ಸಕ್ಷಮ ಅಧಿಕಾರಿಯಿಂದ ಹೊರಟು ಅಂಥವರಿಗೇ ಸಲ್ಲುವಾಗ. ಇದರಲ್ಲಿ ಒಂದು ವಿಚಿತ್ರ ಕಾಣುತ್ತದೆ: ದಿನನಿತ್ಯ ಅತ್ಯಂತ ಹಗುರವಾದ ಮಾತಿಗೆ ಮೀಸಲಾದ ದಾರಿಯೇ ವಿಪತ್ತಿನ ದಿನ ಅತ್ಯಂತ ಭಾರವಾದ ಮಾತನ್ನು ಹೊರುತ್ತದೆ. ನಿಯಮ ಹೀಗಿರುವುದು ಸರಿಯೇ, ಏಕೆಂದರೆ ಕೂಲಿಯಿಲ್ಲದೆ ಮಾತು ಹೊರುವವರ ಮಾರ್ಗ ವ್ಯಾಪಾರಿಗಳ ಅಗ್ಗದ ದೂರವಾಣಿಯಾಗಿ ಮಾರ್ಪಟ್ಟರೆ ಹವ್ಯಾಸದ ನೆಲೆಯೇ ಕುಸಿಯುತ್ತದೆ. ಆದರೆ ಕಣಿವೆಯಲ್ಲಿ ದಾರಿ ತಪ್ಪಿದ ಚಾರಣಿಗನ ಸಂಕಟ ಜಿಲ್ಲಾಧಿಕಾರಿಯ ಕಚೇರಿಯಿಂದ ಹೊರಡುವ ಸಂದೇಶವಲ್ಲ. ಒಬ್ಬನ ಪ್ರಾಣ ಮತ್ತು ಊರಿನ ಪ್ರಾಣದ ನಡುವೆ ನಿಯಮ ಎಳೆದ ಗೆರೆ ಆಡಳಿತಕ್ಕೆ ಅನುಕೂಲವಾದೀತು, ಧರ್ಮಕ್ಕೆ ಅದು ಸಾಲದು. ಒಬ್ಬನ ಪ್ರಾಣಾಪಾಯದ ಕರೆಯನ್ನೂ ಸ್ಪಷ್ಟವಾಗಿ ಒಳಗೊಳ್ಳುವಂತೆ ಆ ಗೆರೆಯನ್ನು ಸರಿಸುವುದು ನ್ಯಾಯ.

ಹಾಗೆ ಸರಿಸಿದಾಗ, ನಡುವೆ ಮನುಷ್ಯನಿಲ್ಲದೆ ಯಂತ್ರವೇ ಕರೆ ಜೋಡಿಸುವ ಸ್ವಯಂಚಾಲಿತ ಪ್ಯಾಚ್ ಮೊದಲ ಆಯ್ಕೆಯಾಗಬಾರದು. ರೇಡಿಯೊದಲ್ಲಿ ಒಬ್ಬರು ಗುಂಡಿ ಒತ್ತಿ ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು, ಮುಗಿದಾಗ ‘ಓವರ್’ ಎನ್ನಬೇಕು. ಅಳುತ್ತಲೋ ಗಾಬರಿಯಲ್ಲೋ ನಡುವೆ ಬಾಯಿಹಾಕುವ ತಾಯಿಗೆ ಇದನ್ನು ತಿಳಿಹೇಳಲು ಮನುಷ್ಯರೇ ಬೇಕು. ಅದಕ್ಕೂ ಮೊದಲು ಅವರು ಹೇಳಬೇಕಾದ ಇನ್ನೊಂದು ಮಾತಿದೆ. ಬಿಡದಿಯಿಂದ ಕರೆ ಮಾಡಿದ ಹ್ಯಾಮ್ ಕಾಡಿನ ದನಿಯನ್ನು ಸೇರಿಸುವ ಮುನ್ನ ತಾನು ಯಾರು, ಈ ಸಂಭಾಷಣೆ ತನ್ನ ಕಿವಿಗೂ ಬೇರೆಯವರ ಕಿವಿಗೂ ಬೀಳುತ್ತದೆ, ಮನೆಯ ಹಣಕಾಸಿನ ಅಥವಾ ಅಂತರಂಗದ ವಿಷಯ ಆಡಬಾರದು ಎಂಬುದನ್ನು ಕೇಳುವವರಿಗೆ ತಿಳಿಯುವ ಕನ್ನಡದಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಅವರು ಒಲ್ಲೆನೆಂದರೆ ಪ್ಯಾಚ್ ಬಿಟ್ಟು, ಸಂದೇಶವನ್ನು ಬರೆದುಕೊಂಡು ತನ್ನ ಬಾಯಿಂದಲೇ ಮುಟ್ಟಿಸುವ ಹಳೆಯ ದಾರಿ ಹಿಡಿಯಬೇಕು.