ಡಿಲ್ ಯಾಕೆ ಅತ್ತ?



ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕಾದಂಬರಿಯಲ್ಲಿ ಕರಿಯ ಕೂಲಿಯಾಳು ಟಾಮ್ ರಾಬಿನ್ಸನ್ ಮಾಡದ ತಪ್ಪಿಗೆ ಕಟಕಟೆಯಲ್ಲಿ ನಿಲ್ಲುತ್ತಾನೆ. ಸರ್ಕಾರಿ ವಕೀಲ ಅವನನ್ನು ಹೀನಾಯವಾಗಿ ಪ್ರಶ್ನಿಸುವುದನ್ನು ಕೇಳಲಾರದೆ ಪುಟ್ಟ ಹುಡುಗ ಡಿಲ್ ಅಳುತ್ತಾನೆ. ಎಷ್ಟಾದರೂ ಅವನು ಕರಿಯನಲ್ಲವೇ ಎಂದು ಗೆಳತಿ ಸ್ಕೌಟ್ ಸಮಾಧಾನ ಮಾಡುತ್ತಾಳೆ. ಟಾಮ್ ಪರ ವಾದಿಸುತ್ತಿರುವ ವಕೀಲನ ಮಗಳೇ ಅವಳು! ಹೊರಗೆ ಮರದಡಿ ಕುಳಿತ ಹಿರಿಯನೊಬ್ಬ, ಇನ್ನಷ್ಟು ದೊಡ್ಡವನಾದರೆ ಈ ಹುಡುಗ ಅಳುವುದಿಲ್ಲ ಎನ್ನುತ್ತಾನೆ.

ಮುಗ್ಧತೆ ಎಂದರೆ ಏನೂ ತಿಳಿಯದಿರುವುದು ಎಂದುಕೊಂಡಿದ್ದೆ. ಡಿಲ್‌ಗೆ ತಿಳಿದಿತ್ತು, ರೂಢಿಯಾಗಿರಲಿಲ್ಲ, ಅಷ್ಟೇ.

ರೂಢಿ ನಮ್ಮ ವಯನಾಡಿನಲ್ಲೂ ಇತ್ತು. ಮಾನಂದವಾಡಿ ಬಳಿಯ ವಳ್ಳಿಯೂರ್‌ಕಾವು ಉತ್ಸವದಲ್ಲಿ ಜಮೀನ್ದಾರರು ಪಣಿಯರನ್ನು ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದರು. ಜೀತವನ್ನು 1976ರ ಕಾನೂನು ರದ್ದುಮಾಡಿತು. ಆದರೂ 2018ರ ಫೆಬ್ರವರಿಯಲ್ಲಿ, ಅಟ್ಟಪ್ಪಾಡಿಯಲ್ಲಿ, ಅಕ್ಕಿ ಕದ್ದನೆಂದು ಆದಿವಾಸಿ ಯುವಕ ಮಧುವನ್ನು ಕೈಕಟ್ಟಿ ಹೊಡೆದು ಕೊಂದರು. ಅವನ ಜೊತೆ ಸೆಲ್ಫಿಯನ್ನೂ ತೆಗೆದುಕೊಂಡರು.

ಅಷ್ಟು ದೂರ ಯಾಕೆ? ಕಾಫಿ ಕೊಯ್ಲಿನ ದಿನ ಪರಿಚಯದವರ ಮನೆಯಲ್ಲಿ ಪಣಿಯ ಅಜ್ಜಿಗೆ ಬೇರೆಯೇ ಲೋಟದಲ್ಲಿ ಚಹಾ ಕೊಟ್ಟರು. “ಅಜ್ಜಿಗೆ ಯಾಕೆ ಆ ಲೋಟ?” ಎಂದು ಮನೆಯ ಪುಟ್ಟ ಹುಡುಗಿ ಕೇಳಿದಳು. ಎಲ್ಲರೂ ನಕ್ಕರು. ರಕ್ತದ ಗುಂಪಿಗೆ ಜಾತಿಯಿಲ್ಲವೆಂದು ಬಿಎಸ್ಸಿಯಲ್ಲಿ ಓದಿದ ನಾನೂ ನಕ್ಕೆ.

ಅಜ್ಜಿ ಚಹಾ ಕುಡಿದು, ಲೋಟ ತೊಳೆದು, ಜಗಲಿಯ ಮೂಲೆಯಲ್ಲಿ ಬೋರಲು ಹಾಕಿ ಕೆಲಸಕ್ಕೆ ಹೋದರು. ಹುಡುಗಿ ಮತ್ತೆ ಕೇಳಲಿಲ್ಲ.